ಹುಂಜಗಳ ಲೆಕ್ಕ: ಕೋಳಿ ತಳಿ ಅಪರೂಪವಾಗುವ ಬಗೆ

ಕೋಳಿ ತಳಿಯೊಂದನ್ನು ಅಪರೂಪದ್ದು ಎಂದು ಮಾರುವವರು ಸಾಮಾನ್ಯವಾಗಿ ಮುಂದಿಡುವುದು ಎರಡನ್ನು: ಹಕ್ಕಿಯ ನೋಟ, ಅದರ ಬೆಲೆ. ಕಪ್ಪು ಮಾಂಸ, ರೇಷ್ಮೆಯಂಥ ಪುಕ್ಕ, ನೀಲಿ ಮೊಟ್ಟೆ, ನೆಲಕ್ಕೆ ಎಳೆಯುವ ಬಾಲ ಇವೆಲ್ಲ ಕಣ್ಣಿಗೆ ಹೊಡೆಯುವ ಗುಣಗಳು. ತಳಿ ನಿಜಕ್ಕೂ ವಿರಳವೇ ಎಂಬುದನ್ನು ಮಾತ್ರ ಇವು ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಮರಿಗಳು ತಾಯಿತಂದೆಯಂತೆಯೇ ಹುಟ್ಟುತ್ತವೆಯೇ? ಸಂತಾನಕ್ಕೆ ಬಳಕೆಯಾಗುತ್ತಿರುವ ಹುಂಜಗಳೆಷ್ಟು? ಅವು ಎಷ್ಟು ಹಿಂಡುಗಳಲ್ಲಿ, ಎಷ್ಟು ಊರುಗಳಲ್ಲಿ ಹಂಚಿಹೋಗಿವೆ? ಈ ಹಕ್ಕಿ ಇಲ್ಲವಾದರೆ ಅದೇ ಗುಣಗಳನ್ನು ಹೊತ್ತ ಇನ್ನೊಂದು ಎಲ್ಲಾದರೂ ಸಿಗುತ್ತದೆಯೇ?

ನೋಟ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಭಾರತದಲ್ಲಿ ಕಡಕ್‌ನಾಥ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಧ್ಯಪ್ರದೇಶದ ಝಾಬುವಾ, ಧಾರ್ ಜಿಲ್ಲೆಗಳ ಭಿಲ್ ಮತ್ತು ಭಿಲಾಲ ಜನ ಸಾಕಿಕೊಂಡು ಬಂದ ಈ ಕೋಳಿಯ ಚರ್ಮ, ಮಾಂಸ, ಮೂಳೆಯ ಮೇಲಿನ ಪೊರೆ, ಒಳಗಿನ ಅಂಗಗಳು ಎಲ್ಲವೂ ಕಪ್ಪು. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಾಗಲೇ ಅದರ ಹೆಸರು ದೇಶವೆಲ್ಲ ಹಬ್ಬಿತ್ತು. ಮರಿ ಕೊಟ್ಟು, ಬೆಳೆದ ಕೋಳಿಯನ್ನು ತಾವೇ ಹೆಚ್ಚಿನ ಬೆಲೆಗೆ ಕೊಳ್ಳುವುದಾಗಿ ಹೇಳಿದವರನ್ನು ನಂಬಿ ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರ ಭಾಗದ ರೈತರು ಹಣ ಕಳೆದುಕೊಂಡ ಪ್ರಕರಣ 2019ರಲ್ಲಿ ಪೊಲೀಸ್ ಠಾಣೆಯ ಮೆಟ್ಟಿಲೇರಿತು.

ಕಡಕ್‌ನಾಥ್‌ನ ಕಪ್ಪು ಬಣ್ಣ ಜಗತ್ತಿನಲ್ಲಿ ಅದೊಂದಕ್ಕೇ ಸೇರಿದ್ದಲ್ಲ. ಚೀನಾ ಮೂಲದ ಸಿಲ್ಕಿ, ಜಾವಾದ ಆಯಾಮ್ ಚೆಮಾನಿ, ಸ್ವೀಡನ್ನಿನ ಸ್ವಾರ್ಟ್‌ಹೋನ ತಳಿಗಳಲ್ಲೂ ಇದೇ ಕಪ್ಪಿದೆ. ಕೋಳಿಯ 20ನೇ ಕ್ರೋಮೋಸೋಮಿನ ಒಂದು ಭಾಗ ಇಮ್ಮಡಿಯಾಗಿ, ತಿರುವುಮುರುವಾಗಿ ಜೋಡಣೆಗೊಂಡಿರುವುದೇ ಇದಕ್ಕೆ ಕಾರಣ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗೆ ಇಮ್ಮಡಿಯಾದ ಭಾಗದಲ್ಲಿರುವ ಜೀನ್ ಕಪ್ಪು ವರ್ಣದ ಕಣಗಳು ಮಿತಿಮೀರಿ ಹೆಚ್ಚುವಂತೆ ಮಾಡುತ್ತದೆ. ಇದು ಪ್ರಬಲ ಗುಣ. ಅಂದರೆ ತಾಯಿತಂದೆಯರಲ್ಲಿ ಒಬ್ಬರಿಂದ ಬಂದರೂ ಮರಿಯ ಮೈಯಲ್ಲಿ ಕಪ್ಪು ಕಾಣಿಸಿಕೊಳ್ಳುತ್ತದೆ. ಕಡಕ್‌ನಾಥ್ ಹುಂಜವನ್ನು ಊರಿನ ಯಾವುದೋ ಹೇಂಟೆಗಳ ಜತೆ ಬಿಟ್ಟರೂ ಕಪ್ಪು ಮೈಯ ಮರಿಗಳು ಹುಟ್ಟಬಹುದು. ಅವು ಕಡಕ್‌ನಾಥ್ ಆಗುವುದಿಲ್ಲ, ಅಷ್ಟೇ. ಸಂತೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಒಂದೇ ಬೆಲೆ.

ನೀಲಿ ಮೊಟ್ಟೆಯ ಕಥೆಯೂ ಇದಕ್ಕೆ ಹತ್ತಿರದ್ದು. ಚಿಲಿ ದೇಶದ ಅರೌಕಾನ ಕೋಳಿಗೆ ಖ್ಯಾತಿ ತಂದ ಆ ಬಣ್ಣದ ಮೂಲ, ಹಿಂದೆಂದೋ ಕೋಳಿಯ ವಂಶವಾಹಿಯೊಳಗೆ ಸೇರಿಕೊಂಡ ವೈರಸ್ಸಿನ ಒಂದು ತುಣುಕು. ಅದೂ ಪ್ರಬಲ ಗುಣವೇ ಆದ್ದರಿಂದ ಇವತ್ತು ಎಷ್ಟೋ ಬೆರಕೆ ಕೋಳಿಗಳು ನೀಲಿ, ಹಸಿರು ಮೊಟ್ಟೆ ಇಡುತ್ತವೆ. ಸುಲಭವಾಗಿ ಬೇರೆ ಹಿಂಡಿಗೆ ದಾಟಬಲ್ಲ ಗುಣವೊಂದು ಎಷ್ಟೇ ಬೆರಗು ಹುಟ್ಟಿಸಿದರೂ ಅದನ್ನು ಹೊತ್ತ ತಳಿ ವಿರಳವೆಂದು ಅದರಿಂದಲೇ ಹೇಳಲಾಗದು.

ತಳಿ ಎನ್ನಿಸಿಕೊಳ್ಳಲು ಗುಣಗಳ ಒಂದು ಕಟ್ಟು ತಲೆಮಾರಿನಿಂದ ತಲೆಮಾರಿಗೆ ಚದುರದೆ ಸಾಗಬೇಕು. ಈ ಅರ್ಥದಲ್ಲಿ ಕರ್ನಾಟಕದವರು ನಾಟಿಕೋಳಿ, ಜವಾರಿ ಕೋಳಿ, ಊರಕೋಳಿ ಎಂದು ಕರೆಯುವುದು ಒಂದು ತಳಿಯಲ್ಲ. ಫಾರಂ ಕೋಳಿಯಲ್ಲದ್ದೆಲ್ಲ ಅದರೊಳಗೆ ಬರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಹಳ್ಳಿಯ ಹಿತ್ತಲಿನಲ್ಲಿ ಓಡಾಡಿಕೊಂಡಿದ್ದರೂ ಅದು ವಿಜ್ಞಾನಿಗಳು ಬೇರೆ ಬೇರೆ ವಂಶಗಳನ್ನು ಸೇರಿಸಿ ಮಾಡಿದ ಮಿಶ್ರತಳಿ. ಅದರ ಮೊಟ್ಟೆಯನ್ನು ಮನೆಯಲ್ಲೇ ಕಾವಿಗಿಟ್ಟು ಮರಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ಮೊದಲಿನ ತೂಕ, ಮೊಟ್ಟೆಯ ಸಂಖ್ಯೆ ಹಾಗೆಯೇ ಉಳಿಯುವುದಿಲ್ಲ. ಬಣ್ಣವೂ ತಳಿಯಲ್ಲ. ಅಸೀಲ್ ಕೋಳಿಯಲ್ಲಿ ಬಿಳಿಯದನ್ನು ನೂರಿ, ಕರಿಯದನ್ನು ಕಾಗರ್, ಕಪ್ಪು-ಕೆಂಪು ಬೆರೆತದ್ದನ್ನು ಯಾಕೂಬ್, ಹೊಂಬಣ್ಣದ್ದನ್ನು ಪೀಲಾ ಎನ್ನುತ್ತಾರೆ. ಹೆಸರು ನಾಲ್ಕಾದರೂ ತಳಿ ಒಂದೇ. ಕರಾವಳಿಯ ಕೋಳಿ ಅಂಕದ ಹುಂಜಗಳಿಗೆ ಬಣ್ಣ ನೋಡಿ ಇಡುವ ಹೆಸರುಗಳೂ ಇದೇ ಜಾತಿಯವು.

ಭಾರತದಲ್ಲಿ ಯಾವುದನ್ನು ತಳಿ ಎನ್ನಬೇಕು ಎಂದು ತೀರ್ಮಾನಿಸಿ ದಾಖಲಿಸುವ ಕೆಲಸ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊದ್ದು. ಅದರ ಪಟ್ಟಿಯಲ್ಲಿ ಕೋಳಿ ತಳಿಗಳು ಇಪ್ಪತ್ತರ ಆಸುಪಾಸು. ಕೇರಳದ ತಲಶ್ಶೇರಿ, ಮಣಿಪುರದ ಕೌನಾಯೆನ್, ಒಡಿಶಾದ ಹನ್ಸ್ಲಿ, ನಿಕೋಬಾರಿ, ಕಾಶ್ಮೀರದ ಫೇವರೋಲ ಎಲ್ಲ ಅದರಲ್ಲಿವೆ. ಕೋಲಾರ ಸೀಮೆ ಮತ್ತು ಅದಕ್ಕೆ ತಾಗಿದ ಆಂಧ್ರಪ್ರದೇಶದಲ್ಲಿ ಸಿಗುವ ಘಾಗಸ್ ಕೂಡ ಇದೆ. ಕಡಕ್‌ನಾಥ್ ಹೆಸರು ಕೇಳದ ಕನ್ನಡಿಗರು ಕಡಿಮೆ. ಘಾಗಸ್ ತಮ್ಮ ನೆಲದ್ದೇ ಎಂದು ಬಲ್ಲವರು ಅದಕ್ಕಿಂತ ಕಡಿಮೆ.

ಹೆಸರಾದ ಮೇಲೆ ಎಣಿಕೆ. 2019ರ 20ನೇ ಜಾನುವಾರು ಗಣತಿಯಂತೆ ದೇಶದಲ್ಲಿ ಕೋಳಿ ಮತ್ತಿತರ ಸಾಕುಹಕ್ಕಿಗಳು ಸುಮಾರು 85 ಕೋಟಿ, ಅವುಗಳಲ್ಲಿ ಹಿತ್ತಲಿನವು ಸುಮಾರು 31.7 ಕೋಟಿ. ಇಷ್ಟು ದೊಡ್ಡ ಸಂಖ್ಯೆ ಓದಿದ ಮೇಲೆ ಕೋಳಿ ವಿರಳವಾಗುವುದೆಂದರೆ ವಿಚಿತ್ರವೆನಿಸಬಹುದು. ಆದರೆ ಹಿತ್ತಲಿನ ಕೋಳಿಗಳಲ್ಲಿ ಸುಧಾರಿತ ಮಿಶ್ರತಳಿಗಳೂ ಸೇರಿವೆ, ಯಾವ ತಳಿಗೂ ಸೇರದವು ಇನ್ನೂ ಹೆಚ್ಚಿವೆ. ತಳಿಯ ಲೆಕ್ಕದಲ್ಲಿ ಬೇಕಾದದ್ದು ಒಟ್ಟು ತಲೆಗಳ ಎಣಿಕೆಯಲ್ಲ. ತನ್ನದೇ ತಳಿಯ ಜೋಡಿಯೊಂದಿಗೆ ಕೂಡಿ ಮರಿ ಮಾಡುತ್ತಿರುವ ಹೇಂಟೆ, ಹುಂಜಗಳ ಎಣಿಕೆ. ಸಾರಿಗೆ ಹೋಗಲಿರುವ ಹತ್ತು ಸಾವಿರ ಮರಿಗಳಿಗೆ ಇಲ್ಲಿ ಬೆಲೆ ಸೊನ್ನೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕೆ ಗಡಿಗಳನ್ನು ಹಾಕಿದೆ. ಮರಿ ಮಾಡುವ ಹೆಣ್ಣುಗಳು 100 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಗಂಡುಗಳು 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತಳಿಯ ಸ್ಥಿತಿ ಅತಿಗಂಭೀರ. ಹೆಣ್ಣುಗಳು 1000ದ ಒಳಗೆ ಅಥವಾ ಗಂಡುಗಳು 20ರ ಒಳಗೆ ಇದ್ದರೆ ಅಪಾಯದಲ್ಲಿದೆ ಎಂದರ್ಥ. ಅಮೆರಿಕದಲ್ಲಿ 1977ರಲ್ಲಿ ಶುರುವಾದ ಲೈವ್‌ಸ್ಟಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಇನ್ನೊಂದು ಅಂಶವನ್ನೂ ಸೇರಿಸಿಕೊಂಡಿದೆ. ಅದರ ಪಟ್ಟಿಯಲ್ಲಿ ಅತಿಗಂಭೀರ ಎನಿಸಿಕೊಳ್ಳುವ ಕೋಳಿ ತಳಿ ಆ ದೇಶದಲ್ಲಿ 500ಕ್ಕಿಂತ ಕಡಿಮೆ, ಜಗತ್ತಿನಲ್ಲಿ ಅಂದಾಜು 1000ಕ್ಕಿಂತ ಕಡಿಮೆ ಇರಬೇಕು. ಜತೆಗೆ ಐವತ್ತೋ ಹೆಚ್ಚೋ ಹಕ್ಕಿಗಳಿರುವ ಮುಖ್ಯ ಹಿಂಡುಗಳು ಐದನ್ನು ಮೀರಿರಬಾರದು. ಹಿಂಡುಗಳನ್ನೂ ಎಣಿಸುವ ಈ ಕ್ರಮವೇ ಹೆಚ್ಚು ಸರಿ. 500 ಕೋಳಿ ಒಬ್ಬರ ಶೆಡ್ಡಿನಲ್ಲಿರುವುದಕ್ಕೂ ಐವತ್ತು ಮನೆಗಳಲ್ಲಿ ಹಂಚಿಹೋಗಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಗಂಡುಗಳಿಗೆ ಬೇರೆಯದೇ ಗಡಿ ಏಕೆ ಎಂಬುದರಲ್ಲಿ ಇಡೀ ವಿಷಯದ ತಿರುಳಿದೆ. ಸಾಕುವವರು ಹೇಂಟೆಗಳನ್ನು ಮೊಟ್ಟೆಗಾಗಿ ಉಳಿಸಿಕೊಳ್ಳುತ್ತಾರೆ, ಹುಂಜಗಳನ್ನು ಹಬ್ಬಕ್ಕೋ ಹರಕೆಗೋ ಕೊಯ್ಯುತ್ತಾರೆ. ಹತ್ತು ಹನ್ನೆರಡು ಹೇಂಟೆಗೆ ಒಂದು ಹುಂಜ ಸಾಕು ಎಂಬುದು ಎಲ್ಲೆಡೆಯ ರೂಢಿ. ಫಲ ಕಟ್ಟುವ ಮಟ್ಟಿಗೆ ಅದು ನಿಜವೂ ಹೌದು. ಆದರೆ ಪ್ರತಿ ಮರಿಯ ಅರ್ಧ ವಂಶ ಹುಂಜದಿಂದ ಬರುವುದರಿಂದ, ಹುಂಜಗಳು ಕಡಿಮೆಯಾದಷ್ಟೂ ಇಡೀ ಹಿಂಡು ಒಂದೇ ಅಪ್ಪನ ಮಕ್ಕಳಾಗುತ್ತ ಹೋಗುತ್ತದೆ. ಇದನ್ನು ಅಳೆಯಲು ತಳಿವಿಜ್ಞಾನಿಗಳು ಒಂದು ಸೂತ್ರ ಬಳಸುತ್ತಾರೆ: ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದದ್ದನ್ನು ಎರಡರ ಒಟ್ಟು ಮೊತ್ತದಿಂದ ಭಾಗಿಸಬೇಕು. ಸಿಗುವ ಉತ್ತರ ತಳಿಯ ಪರಿಣಾಮಕಾರಿ ಸಂಖ್ಯೆ. 1000 ಹೇಂಟೆ, 10 ಹುಂಜಗಳಿರುವ ತಳಿಗೆ ಲೆಕ್ಕ ಹಾಕಿದರೆ ಬರುವುದು ಸುಮಾರು 40. ಕೇವಲ 20 ಹೇಂಟೆ, 20 ಹುಂಜಗಳಿದ್ದರೂ ಉತ್ತರ 40! ಕಣ್ಣಿಗೆ ಸಾವಿರ ಕಾಣುವ ಹಿಂಡು ವಂಶದ ದೃಷ್ಟಿಯಿಂದ ನಲವತ್ತು ಹಕ್ಕಿಗಳಷ್ಟೇ.

ಆಹಾರ ಮತ್ತು ಕೃಷಿ ಸಂಸ್ಥೆಯ ಸಲಹೆ ಈ ಸಂಖ್ಯೆ 50ಕ್ಕಿಂತ ಕೆಳಗಿಳಿಯಬಾರದು ಎಂದು. ಐವತ್ತಿದ್ದಾಗ ಪ್ರತಿ ಪೀಳಿಗೆಯಲ್ಲಿ ರಕ್ತಸಂಬಂಧದ ಪ್ರಮಾಣ ಶೇಕಡ 1ರಷ್ಟು ಏರುತ್ತದೆ, ಇಪ್ಪತ್ತಕ್ಕಿಳಿದರೆ ಶೇಕಡ 2.5ರಷ್ಟು. ಕೋಳಿಗೆ ಪೀಳಿಗೆಯೆಂದರೆ ಒಂದೆರಡು ವರ್ಷ ಮಾತ್ರ. ಅಣ್ಣತಂಗಿಯರ ನಡುವೆಯೇ ಸಂತಾನ ಮುಂದುವರಿದರೆ ಮೊದಲು ತಿಳಿಯುವುದು ಕಾವಿನ ಬುಟ್ಟಿಯಲ್ಲಿ: ಒಡೆಯದೆ ಉಳಿಯುವ ಮೊಟ್ಟೆಗಳು ಹೆಚ್ಚುತ್ತವೆ. ಆಮೇಲೆ ಮರಿಗಳು ಸಾಯುತ್ತವೆ, ಮೊಟ್ಟೆ ಕಡಿಮೆಯಾಗುತ್ತದೆ. ಸಾಕಿದವರು ಬೇಸತ್ತು ಬೇರೆ ಕೋಳಿ ತರುತ್ತಾರೆ. ಅಲ್ಲಿಗೆ ಆ ಹಿಂಡಿನ ಕಥೆ ಮುಗಿಯಿತು.

ವಿರಳತೆ ಜಾಗವನ್ನೂ ಅವಲಂಬಿಸಿದೆ. ಬ್ರಹ್ಮ, ಪೋಲಿಷ್, ಸಿಲ್ಕಿ ಕೋಳಿಗಳು ಭಾರತದ ಹಳ್ಳಿಗಳಲ್ಲಿ ಕಾಣಸಿಗುವುದು ಕಡಿಮೆ, ಹಾಗಾಗಿ ಇಲ್ಲಿ ಅವುಗಳ ಜೋಡಿಗೆ ಒಳ್ಳೆಯ ಬೆಲೆ. ಆದರೆ ಯುರೋಪು, ಅಮೆರಿಕಗಳಲ್ಲಿ ಅವುಗಳಿಗೆ ಬರವಿಲ್ಲ. ದೂರದಿಂದ ಬಂದದ್ದನ್ನೆಲ್ಲ ಅಪರೂಪ ಎಂದು ಮಾರುವ ಚಾಳಿ ಹೊಸದೇನೂ ಅಲ್ಲ. 1849ರ ನವೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ನಡೆದ ಕೋಳಿ ಪ್ರದರ್ಶನದ ನಂತರ ಅಮೆರಿಕದಲ್ಲಿ ಕೋಳಿಯ ಹುಚ್ಚು ಹರಡಿತು. ಚೀನಾದ ದೈತ್ಯ ಕೋಳಿಗಳು, ಅವುಗಳಿಂದ ಬೆಳೆದ ಬ್ರಹ್ಮ ತಳಿ ಕಂಡಕಂಡ ಬೆಲೆಗೆ ಹೋದವು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ 1852ರಲ್ಲಿ ಒಂಬತ್ತು ಕೋಳಿಗಳನ್ನು ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಕಳಿಸಿ ತನ್ನ ಸರಕಿಗೆ ರಾಜಮುದ್ರೆ ಒತ್ತಿಸಿಕೊಂಡ. ಹುಚ್ಚು ಇಳಿದ ಮೇಲೆ, 1855ರಲ್ಲಿ, ಜನ ಹೇಗೆ ಮರುಳಾದರು ಎಂದು ಆತನೇ ಪುಸ್ತಕ ಬರೆದು ಅದನ್ನೂ ಮಾರಿದ.

ತಳಿಗಳು ನಿಜವಾಗಿ ವಿರಳವಾದದ್ದು ಇಪ್ಪತ್ತನೆಯ ಶತಮಾನದ ನಡುವೆ, ಕೋಳಿ ಸಾಕಣೆ ಕಾರ್ಖಾನೆಯ ಕೆಲಸವಾದಾಗ. ಅಮೆರಿಕದಲ್ಲಿ ‘ನಾಳಿನ ಕೋಳಿ’ ಎಂಬ ಹೆಸರಿನ ಸ್ಪರ್ಧೆ ನಡೆದು 1948ರಲ್ಲಿ ರಾಷ್ಟ್ರಮಟ್ಟದ ವಿಜೇತರನ್ನು ಆರಿಸಲಾಯಿತು. ಬೇಕಾಗಿದ್ದದ್ದು ಅಗಲ ಎದೆಯ, ಬೇಗ ಬೆಳೆಯುವ ಹಕ್ಕಿ. ಗೆದ್ದದ್ದು ಕಾರ್ನಿಷ್ ರಕ್ತವಿದ್ದ ಮಿಶ್ರತಳಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರೂಪುಗೊಂಡ ಕಾರ್ನಿಷ್ ತಳಿಯ ಹಿರಿಯರಲ್ಲಿ ಭಾರತದಿಂದ ಹೋದ ಅಸೀಲ್ ಕೂಡ ಇದೆ. ಬಹುಕಾಲ ಅದನ್ನು ಇಂಡಿಯನ್ ಗೇಮ್ ಎಂದೇ ಕರೆಯುತ್ತಿದ್ದರು. ಹೀಗೆ ಇವತ್ತಿನ ಬ್ರಾಯ್ಲರ್ ಎದೆಯಲ್ಲಿ ಅಸೀಲಿನ ಪಾಲೂ ಇದೆ. ತವರಿನಲ್ಲಿ ಶುದ್ಧ ಅಸೀಲ್ ಹುಡುಕಿಕೊಂಡು ಅಲೆಯಬೇಕಾದ ಸ್ಥಿತಿ ಬಂದಿರುವಾಗ ಈ ನೆನಪು ಸ್ವಲ್ಪ ಕಹಿಯೇ.

ಆ ಬದಲಾವಣೆಯಲ್ಲಿ ಹಿಂದೆ ಬಿದ್ದವುಗಳಲ್ಲಿ ಡೆಲಾವೇರ್ ತಳಿ ಒಂದು. 1940ರ ಸುಮಾರಿಗೆ ಮಾಂಸಕ್ಕೆಂದೇ ಅಭಿವೃದ್ಧಿಪಡಿಸಿದ ಈ ಕೋಳಿ ಕೆಲವೇ ವರ್ಷ ಮಾರುಕಟ್ಟೆಯನ್ನು ಆಳಿತು. ಕಾರ್ನಿಷ್ ಮಿಶ್ರತಳಿ ಬಂದದ್ದೇ ತಡ, ಅದನ್ನು ಕೇಳುವವರಿಲ್ಲವಾಯಿತು. ರೋಗ ಬರಲಿಲ್ಲ, ಬರ ಬರಲಿಲ್ಲ. ಇದಕ್ಕಿಂತ ಒಂದೆರಡು ವಾರ ಮೊದಲೇ ತೂಕ ಕಟ್ಟುವ ಇನ್ನೊಂದು ಕೋಳಿ ಬಂತು. ಹೆಚ್ಚಿನ ತಳಿಗಳ ಪಾಲಿಗೆ ನಡೆದದ್ದು ಇಷ್ಟೇ. ಇವತ್ತು ಜಗತ್ತಿನ ಬ್ರಾಯ್ಲರ್ ಮೂಲವಂಶಗಳ ಬಹುಪಾಲು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ. ವಾಣಿಜ್ಯ ಕೋಳಿಗಳ ವಂಶವಾಹಿಗಳನ್ನು ಹಳೆಯ ತಳಿಗಳ ಜತೆ ಹೋಲಿಸಿದ 2008ರ ಒಂದು ಅಧ್ಯಯನ, ಪೂರ್ವಜರಲ್ಲಿದ್ದ ವೈವಿಧ್ಯದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ವಾಣಿಜ್ಯ ವಂಶಗಳಲ್ಲಿ ಇಲ್ಲವೆಂದು ಕಂಡುಕೊಂಡಿತು.

ಭಾರತದ ಹಳ್ಳಿಗಳಲ್ಲಿ ತಳಿ ಕಳೆದುಹೋಗುವ ರೀತಿ ಇನ್ನೂ ಮೆತ್ತಗಿನದು. ಹೆಚ್ಚು ಮೊಟ್ಟೆ, ಹೆಚ್ಚು ತೂಕದ ಮರಿಗಳನ್ನು ಯೋಜನೆಗಳ ಮೂಲಕ ಹಂಚಲಾಗುತ್ತದೆ. ಬಡ ಕುಟುಂಬದ ವರಮಾನಕ್ಕೆ ಅದರಿಂದ ಲಾಭವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಮರಿಗಳಲ್ಲಿನ ಹುಂಜಗಳು ಬೆಳೆದು ಊರಿನ ಹೇಂಟೆಗಳ ಜತೆ ಸೇರುತ್ತವೆ. ನಾಲ್ಕಾರು ವರ್ಷಗಳಲ್ಲಿ ಕೋಳಿಗಳ ಸಂಖ್ಯೆ ಏರುತ್ತದೆ, ತಳಿ ಕರಗುತ್ತದೆ. ಗಣತಿಯಲ್ಲಿ ಇದು ಬೆಳವಣಿಗೆಯಾಗಿ ಕಾಣಿಸುತ್ತದೆ. ಕಾವಿಗೆ ಕೂರುವ ಬುದ್ಧಿ, ಹದ್ದಿನ ನೆರಳು ಕಂಡೊಡನೆ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಜಾಗರೂಕತೆ, ಕೆದಕಿ ತಿಂದೇ ಬದುಕುವ ಗಟ್ಟಿತನ ಇಂಥವು ಕಳೆದುಹೋಗಿದ್ದನ್ನು ಯಾವ ಕಾಲಂ ದಾಖಲಿಸೀತು? ಪ್ರಪಂಚದ ಜಾನುವಾರು ತಳಿಗಳ ಬಗ್ಗೆ 2015ರಲ್ಲಿ ಬಂದ ಆಹಾರ ಮತ್ತು ಕೃಷಿ ಸಂಸ್ಥೆಯ ವರದಿಯಲ್ಲಿ ಶೇಕಡ 17ರಷ್ಟು ತಳಿಗಳು ಅಪಾಯದಲ್ಲಿವೆ ಎಂದಿತ್ತು. ಅರ್ಧಕ್ಕಿಂತ ಹೆಚ್ಚು ತಳಿಗಳ ಸ್ಥಿತಿ ಏನೆಂಬ ಮಾಹಿತಿಯೇ ಇರಲಿಲ್ಲ.

ಸಂಖ್ಯೆ ಸಾಕಷ್ಟಿದ್ದೂ ಒಂದೇ ಕಡೆ ಗುಂಪಾಗಿರುವ ತಳಿಗೆ ಬೇರೆ ಬಗೆಯ ಅಪಾಯ. ನಿಕೋಬಾರಿ ಕೋಳಿ ದೇಶಿ ತಳಿಗಳಲ್ಲಿ ಹೆಚ್ಚು ಮೊಟ್ಟೆ ಇಡುವುದರಲ್ಲಿ ಹೆಸರಾದದ್ದು. ಗಿಡ್ಡ ಕಾಲು, ಗುಂಡು ಮೈ. ಅದರ ಮೂಲನೆಲ ಬಂಗಾಳ ಕೊಲ್ಲಿಯ ಕೆಲವು ದ್ವೀಪಗಳು. 2004ರ ಡಿಸೆಂಬರ್ 26ರ ಸುನಾಮಿ ಆ ದ್ವೀಪಗಳ ಕರಾವಳಿಯ ಹಳ್ಳಿಗಳನ್ನು ಕೊಚ್ಚಿದಾಗ ಜನರೊಂದಿಗೆ ಹಂದಿ, ಕೋಳಿಗಳೂ ಹೋದವು. ಸಂಶೋಧನಾ ಕೇಂದ್ರಗಳಲ್ಲಿ ಸಾಕಿದ್ದ ಹಿಂಡುಗಳು ಅಂಥ ಹೊತ್ತಿನಲ್ಲಿ ತಳಿಗೆ ಆಸರೆ. ಹಾಗೆಂದು ಸರ್ಕಾರಿ ಫಾರಂನಲ್ಲಿ ಇಟ್ಟರೆ ಎಲ್ಲವೂ ಕ್ಷೇಮ ಎನ್ನುವಂತಿಲ್ಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿತು. ಸೋಂಕು ಹರಡದಂತೆ ಆವರಣದ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಹಕ್ಕಿಜ್ವರದ ನಿಯಂತ್ರಣದಲ್ಲಿ ಸಾಮಾನ್ಯವಾಗಿ ತಳಿ ನೋಡಿ ವಿನಾಯಿತಿ ಕೊಡುವುದಿಲ್ಲ. ಒಂದು ತಳಿಯ ಕೊನೆಯ ಹಿಂಡು ಸೋಂಕಿನ ವಲಯದೊಳಗೆ ಸಿಕ್ಕಿಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಅದು ಇತಿಹಾಸ.

ಇಷ್ಟೆಲ್ಲ ಆದರೂ ವಿರಳವಾದದ್ದೆಲ್ಲ ಸಮಾನ ಮಹತ್ವದ್ದಲ್ಲ. ನೂರು ವರ್ಷದ ಹಿಂದೆ ಎರಡು ಸಾಮಾನ್ಯ ತಳಿಗಳನ್ನು ಸೇರಿಸಿ ಮಾಡಿದ ಕೋಳಿ ಇಲ್ಲವಾದರೆ, ಆ ಎರಡೂ ತಳಿಗಳು ಉಳಿದಿರುವವರೆಗೆ ಅದಕ್ಕೆ ಹತ್ತಿರದ್ದನ್ನು ಮತ್ತೆ ಮಾಡಿಕೊಳ್ಳಬಹುದು. ಒಂದು ಸೀಮೆಯ ಸೆಕೆ, ರೋಗ, ಆಹಾರಕ್ಕೆ ಶತಮಾನಗಳ ಕಾಲ ಒಗ್ಗಿಕೊಂಡ ಹಕ್ಕಿಯನ್ನು ಹಾಗೆ ಮರುಸೃಷ್ಟಿಸಲಾಗದು. ಬೋಳು ಕೊರಳಿನ ಕೋಳಿ ನೋಡಲು ಚೆಂದವಲ್ಲ, ಪ್ರದರ್ಶನದಲ್ಲಿ ಪದಕ ಗೆಲ್ಲುವಂಥದ್ದೂ ಅಲ್ಲ. ಆದರೆ ಪುಕ್ಕ ಕಡಿಮೆ ಮಾಡುವ ಅದರ ಒಂದು ಜೀನ್ ಬಿಸಿಲು ತಡೆಯಲು ನೆರವಾಗುತ್ತದೆ. ಉತ್ತರಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದೇ ಗುಣವನ್ನು ಬಳಸಿ ಹಿಟ್‌ಕ್ಯಾರಿ ಎಂಬ ಕೋಳಿಯನ್ನು ರೂಪಿಸಿದೆ. ಯಾವ ಗುಣ ಮುಂದೆ ಬೇಕಾದೀತು ಎಂದು ಹೇಳಬಲ್ಲವರಿಲ್ಲ. ಪಶ್ಚಿಮಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿ ಕೂಡ ಈ ಆಸ್ತಿಯ ಪಾಲುದಾರ: ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಗೊತ್ತಾಯಿತು. ಲೋಕದ ಕೋಳಿ ಅಂಗಡಿಗಳಲ್ಲಿ ನೇತಾಡುವ ಹಳದಿ ಚರ್ಮದ ಹಿಂದೆ ಈ ಕಾಡಿನ ಹಕ್ಕಿಯೂ ಇದೆ.

ಉಳಿಸಿಕೊಳ್ಳುವ ಕೆಲಸ ದನಕರುಗಳಿಗಿಂತ ಕೋಳಿಯಲ್ಲಿ ಕಷ್ಟ. ದನದ ಅಥವಾ ಕುರಿಯ ತಳಿಯ ವೀರ್ಯವನ್ನೂ ಭ್ರೂಣವನ್ನೂ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ದಶಕಗಳವರೆಗೆ ಇಡಬಹುದು. ಕೋಳಿಯ ಮೊಟ್ಟೆಯಲ್ಲಿ ಭಂಡಾರ ದೊಡ್ಡದಿರುವುದರಿಂದ ಅದನ್ನು ಹೆಪ್ಪುಗಟ್ಟಿಸಿ ಮತ್ತೆ ಜೀವಂತವಾಗಿಸಲು ಆಗುವುದಿಲ್ಲ. ಹುಂಜದ ವೀರ್ಯವನ್ನು ಇಡಬಹುದು, ಆದರೆ ಕರಗಿಸಿ ಬಳಸಿದಾಗ ಫಲವತ್ತತೆ ಇಳಿಯುತ್ತದೆ. ಇನ್ನೊಂದು ತೊಡಕೂ ಇದೆ. ಹಕ್ಕಿಗಳಲ್ಲಿ ಹೆಣ್ಣಾಗಿಸುವ ಕ್ರೋಮೋಸೋಮ್ ಇರುವುದು ತಾಯಿಯಲ್ಲಿ ಮಾತ್ರ, ವೀರ್ಯದಲ್ಲಿ ಅದು ಇರುವುದಿಲ್ಲ. ಹೇಂಟೆಗಳೆಲ್ಲ ಸತ್ತು ವೀರ್ಯವಷ್ಟೇ ಉಳಿದರೆ ಬೇರೆ ತಳಿಯ ಹೇಂಟೆಗಳ ಮೇಲೆ, ಆಮೇಲೆ ಅವುಗಳ ಹೆಣ್ಣು ಮರಿಗಳ ಮೇಲೆ ಅದನ್ನು ಪೀಳಿಗೆ ಪೀಳಿಗೆಯೂ ಬಳಸುತ್ತ ಹೋಗಬೇಕು. ಐದನೆಯ ಪೀಳಿಗೆಗೆ ಹಳೆಯ ತಳಿಯ ಪಾಲು ಶೇಕಡ 97ರ ಹತ್ತಿರ ಬರುತ್ತದೆ. ತಾಯಿಯ ಕಡೆಯ ಆ ಕ್ರೋಮೋಸೋಮ್ ಮಾತ್ರ ಮರಳಿ ಬರುವುದಿಲ್ಲ.

ಈ ತೊಡಕಿಗೆ ಪ್ರಯೋಗಾಲಯದಲ್ಲಿ ಒಂದು ದಾರಿ ಸಿಕ್ಕಿದೆ. ಕಾವಿಗಿಟ್ಟ ಎರಡೂವರೆ ದಿನದ ಸುಮಾರಿಗೆ ಭ್ರೂಣದ ರಕ್ತದಲ್ಲಿ ಮುಂದೆ ಅಂಡಾಣುವೋ ವೀರ್ಯಾಣುವೋ ಆಗಲಿರುವ ಮೂಲಕೋಶಗಳು ಹರಿಯುತ್ತಿರುತ್ತವೆ. ಅವನ್ನು ತೆಗೆದು ಬೆಳೆಸಿ ಹೆಪ್ಪುಗಟ್ಟಿಸಬಹುದು. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯವರು ತಮ್ಮದೇ ಅಂಡಾಣು ರೂಪುಗೊಳ್ಳದಂತೆ ಜೀನ್ ತಿದ್ದಿದ ಹೇಂಟೆಗಳನ್ನು ಸೃಷ್ಟಿಸಿ, ವಿರಳ ತಳಿಯ ಇಂಥ ಕೋಶಗಳಿಗೆ ಅವನ್ನು ಬಾಡಿಗೆ ತಾಯಂದಿರಾಗಿಸುವ ಕೆಲಸವನ್ನು 2017ರಲ್ಲಿ ಲೋಕಕ್ಕೆ ತಿಳಿಸಿದರು. ದುಬಾರಿ ವಿದ್ಯೆ ಇದು. ಸದ್ಯಕ್ಕೆ ಹಳ್ಳಿಯ ಹಿಂಡುಗಳ ಪಾಲಿಗೆ ದೂರದ್ದು.

ಹತ್ತಿರದ ಉಪಾಯ ಹಳೆಯದು, ಹೆಚ್ಚು ಖರ್ಚಿಲ್ಲದ್ದು. ಒಂದೇ ತಳಿಯನ್ನು ಸಾಕುವ ನಾಲ್ಕೈದು ಮನೆಗಳವರು ಸೇರಿ, ಪ್ರತಿ ವರ್ಷ ಮೊದಲನೆಯವರ ಎಳೆಯ ಹುಂಜಗಳನ್ನು ಎರಡನೆಯವರಿಗೆ, ಎರಡನೆಯವರದನ್ನು ಮೂರನೆಯವರಿಗೆ, ಹೀಗೆ ಕೊನೆಯವರದನ್ನು ಮೊದಲನೆಯವರಿಗೆ ದಾಟಿಸುತ್ತಾರೆ. ಹೇಂಟೆಗಳು ಹುಟ್ಟಿದ ಮನೆಯಲ್ಲೇ ಉಳಿಯುತ್ತವೆ. ಅಣ್ಣತಂಗಿಯರು ಕೂಡುವುದು ಇದರಿಂದ ತಪ್ಪುತ್ತದೆ, ರಕ್ತಸಂಬಂಧ ಏರುವುದು ನಿಧಾನವಾಗುತ್ತದೆ, ಒಂದು ಮನೆಯ ಹಿಂಡಿಗೆ ರೋಗ ಬಡಿದರೂ ಉಳಿದವರ ಬಳಿ ತಳಿ ಇರುತ್ತದೆ. ಇದು ನಡೆಯಬೇಕಾದರೆ ಹಬ್ಬದ ಸಾರಿಗೆ ಹೋಗಬೇಕಾದ ಹುಂಜಗಳಲ್ಲಿ ಒಂದಷ್ಟನ್ನು ಪ್ರತಿ ಮನೆಯಲ್ಲೂ ಕೊಯ್ಯದೆ ಬಿಡಬೇಕು. ಹೇಂಟೆ ಹತ್ತಕ್ಕೆ ಒಂದರ ಬದಲು ಎರಡು ಮೂರು ಹುಂಜಗಳಿಗೆ ವರ್ಷವಿಡೀ ಕಾಳು ಹಾಕಬೇಕು.